ಮಿರಗದ ಮಳೆಯ ಚಿತ್ರ ತೆಗೆಯುವವರು ಯಾರು?

ಜೂನ್ ತಿಂಗಳಲ್ಲಿ ಹಾವೇರಿ ಜಿಲ್ಲೆಯ ಹಂಸಭಾವಿಯ ಚಹಾದಂಗಡಿಯಲ್ಲಿ ಕೂತರೆ ಮಳೆಯ ಮಾತು ಬಿಟ್ಟು ಬೇರೆ ಮಾತು ಕಿವಿಗೆ ಬೀಳುವುದಿಲ್ಲ. ಹಿರೇಕೆರೂರಿನಲ್ಲಿ ಎಷ್ಟು ಬಿತ್ತು, ಚಿಕ್ಕೇರೂರಿನ ಕಡೆ ಹದ ಆಯಿತೋ ಇಲ್ಲವೋ, ಹಾನಗಲ್ಲಿನವರು ಬಿತ್ತನೆಗೆ ಇಳಿದರೋ ಇನ್ನೂ ಮುಗಿಲು ನೋಡುತ್ತ ಕೂತಿದ್ದಾರೋ. ತಿಂಗಳ ಇಪ್ಪತ್ತನೇ ತಾರೀಖಿನ ಸುಮಾರಿನ ಅಂಥದೊಂದು ಬೆಳಗ್ಗೆ ನಾನು ಫೋನಿನಲ್ಲಿ ಹೋಬಳಿಯ ಮಳೆಯ ಚಾರ್ಟ್ ನೋಡುತ್ತಿದ್ದೆ. ಕೆಳಗೆ ತಾರೀಖು, ಎಡಗಡೆ ಮಿಲಿಮೀಟರು, ನಡುವೆ ಎತ್ತರ ತಗ್ಗಿನ ನೀಲಿ ಕಂಬಗಳು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಬಾಗಿ ನೋಡಿ ಕೇಳಿದರು: ‘ತಮ್ಮಾ, ಈ ಚಿತ್ರಾನ ದಿನಾ ಯಾರ ಕುಂತು ತಗೀತಾರ?’

‘ಯಾರೂ ಕೂತು ತೆಗೆಯೋದಿಲ್ಲ ಕಾಕಾ, ಕಂಪ್ಯೂಟರ್ ತೆಗೀತದ’ ಎಂದುಬಿಟ್ಟೆ. ಉತ್ತರ ಸುಳ್ಳಲ್ಲ, ಆದರೆ ಆ ಪ್ರಶ್ನೆಗೆ ಅಷ್ಟು ಸಾಲದು ಎಂದು ಆಗಲೇ ಅನ್ನಿಸಿತು. ಕಂಪ್ಯೂಟರಿಗೆ ಹೀಗೆ ತೆಗೆ ಎಂದು ಹೇಳಿಕೊಟ್ಟವರು ಇದ್ದಾರೆ. ಕಂಬ ಎಷ್ಟು ಎತ್ತರ ಇರಬೇಕು, ಒಂದು ಕಂಬದಲ್ಲಿ ಎಷ್ಟು ದಿನದ ಮಳೆ ಸೇರಬೇಕು, ಲೆಕ್ಕ ಬಾರದ ದಿನ ಏನು ತೋರಿಸಬೇಕು ಎಂಬುದನ್ನೆಲ್ಲ ತೀರ್ಮಾನಿಸಿದವರು ಅವರು. ಆ ತೀರ್ಮಾನಗಳನ್ನು ಬದಲಿಸಿ ಎಂದು ಕೇಳುವ ಹಕ್ಕು ನಮಗಿದೆ. ಕೇಳಬೇಕಾದರೆ ಚಿತ್ರ ಹುಟ್ಟುವ ಬಗೆ ಗೊತ್ತಿರಬೇಕು.

ಮೊದಲು ಮಳೆ ಅಂಕಿಯಾಗುವ ಕತೆ. ಕರ್ನಾಟಕದಲ್ಲಿ 1988ರಲ್ಲಿ ಬರಗಾಲದ ಮೇಲೆ ಕಣ್ಣಿಡಲು ಒಂದು ಘಟಕ ಶುರುವಾಯಿತು. ಅದೇ 2007ರಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಬೆಂಗಳೂರಿನ ಯಲಹಂಕದಲ್ಲಿರುವ ಈ ಕೇಂದ್ರ ರಾಜ್ಯದ ಗ್ರಾಮ ಪಂಚಾಯಿತಿಗಳ ಮಟ್ಟದವರೆಗೆ ತಾನಾಗಿಯೇ ಲೆಕ್ಕ ಕಳಿಸುವ ಮಳೆಮಾಪಕಗಳನ್ನೂ, ಹೋಬಳಿ ಮಟ್ಟದಲ್ಲಿ ಗಾಳಿ, ಬಿಸಿಲು, ತೇವ ಅಳೆಯುವ ಹವಾಮಾನ ಘಟಕಗಳನ್ನೂ ನಿಲ್ಲಿಸಿದೆ. ಇಂಥ ಮಳೆಮಾಪಕದ ಹೊಟ್ಟೆಯಲ್ಲಿ ತಕ್ಕಡಿಯ ಹಾಗೆ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಮೇಲಿನ ಆಲಿಕೆಯಿಂದ ಇಳಿದ ನೀರು ಒಂದು ಬಟ್ಟಲನ್ನು ತುಂಬುತ್ತಲೇ ಅದು ವಾಲಿ ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಎಷ್ಟು ಸಲ ವಾಲಿತು ಎಂಬುದೇ ಮಳೆಯ ಲೆಕ್ಕ. ಬಿಸಿಲಿನಿಂದ ಕರೆಂಟು, ಸಿಮ್ ಕಾರ್ಡಿನಿಂದ ಸಂದೇಶ, ಹದಿನೈದು ನಿಮಿಷಕ್ಕೊಮ್ಮೆ ಒಂದು ಅಂಕಿ.

ಊರೂರಿಗೆ ಒಂದು ಮಾಪಕ ಏಕೆ ಎಂದು ಬೇರೆ ಜಿಲ್ಲೆಯವರು ಕೇಳಿದರೂ ನಮ್ಮ ಕಡೆಯವರು ಕೇಳುವುದಿಲ್ಲ. ಹಾನಗಲ್ಲಿನ ಪಡುವಣ ಅಂಚು ಮಲೆನಾಡಿಗೆ ತಾಗಿದೆ. ಅಲ್ಲಿ ಕೆರೆ, ಭತ್ತ, ಮಾವು. ಮೂಡಲಕ್ಕೆ ಸವಣೂರಿನ ಕಡೆ ನಡೆದರೆ ನೆಲ ಒಣಗುತ್ತ ಹೋಗುತ್ತದೆ. ನಡುವಿನ ಶಿಗ್ಗಾಂವಿ, ತೆಂಕಣದ ಹಿರೇಕೆರೂರು ಒಂದೊಂದು ವರ್ಷ ಒಂದೊಂದು ಕಡೆಗೆ ವಾಲುತ್ತವೆ. ಗೋವಿನಜೋಳ, ಹತ್ತಿ ಹಾಕಿದವರಿಗೆ ಹಾವೇರಿ ಜಿಲ್ಲೆಯ ಸರಾಸರಿ ಮಳೆ ಕಟ್ಟಿಕೊಂಡು ಮಾಡುವುದೇನೂ ಇಲ್ಲ. ತಮ್ಮ ಹೊಲದ ಮೇಲಿನ ಮೋಡ ಎಷ್ಟು ಕೊಟ್ಟಿತು ಎಂಬುದಷ್ಟೇ ಮುಖ್ಯ. ಒಂದು ಮಿಲಿಮೀಟರ್ ಎಂದರೆ ಒಂದು ಎಕರೆಗೆ ನಾಲ್ಕು ಸಾವಿರ ಲೀಟರಿಗಿಂತ ಸ್ವಲ್ಪ ಹೆಚ್ಚು ನೀರು. ಆ ಅಂಕಿ ಅಷ್ಟು ತೂಕದ್ದು.

ಇನ್ನು ಚಿತ್ರ. ಇಂಥ ಚಿತ್ರಗಳನ್ನು ಮೊದಲೇ ಬರೆದು ಕಪಾಟಿನಲ್ಲಿ ಜೋಡಿಸಿಟ್ಟು, ಕೇಳಿದಾಗ ತೆಗೆದುಕೊಡಲಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಲೆಕ್ಕ ಹಾಕಿ ನೋಡಿ. ಒಂದು ಹೋಬಳಿಯ ಒಂದು ವರ್ಷದ ಮಳೆಯಲ್ಲಿ ಯಾವ ದಿನದಿಂದ ಯಾವ ದಿನದವರೆಗೆ ಬೇಕಾದರೂ ಚಾರ್ಟ್ ಕೇಳಬಹುದು ಎಂದಿಟ್ಟುಕೊಂಡರೆ 66,795 ಬಗೆಯ ಚಿತ್ರಗಳಾಗುತ್ತವೆ. ರಾಜ್ಯದಲ್ಲಿ 747 ಹೋಬಳಿಗಳು. ಗುಣಿಸಿದರೆ ಐದು ಕೋಟಿಗೆ ಹತ್ತಿರ. ಇದು ಒಂದೇ ವರ್ಷದ್ದು, ಒಂದೇ ಬಗೆಯ ಕಂಬಗಳದ್ದು. ಅದರಲ್ಲಿ ಬಹುಪಾಲು ಚಿತ್ರಗಳನ್ನು ಯಾರೂ ಎಂದೂ ಕೇಳುವುದಿಲ್ಲ. ಆದ್ದರಿಂದ ಜಾಣತನದ ದಾರಿ ಒಂದೇ: ಅಂಕಿಗಳನ್ನು ಮಾತ್ರ ಇಟ್ಟುಕೊಳ್ಳುವುದು, ಚಿತ್ರವನ್ನು ಕೇಳಿದ ಗಳಿಗೆಯಲ್ಲೇ ಬರೆಯುವುದು. ಖಾನಾವಳಿಯಲ್ಲಿ ಊಟಕ್ಕೆ ಕೂತ ಮೇಲೆ ರೊಟ್ಟಿ ಬಡಿಯುವ ಹಾಗೆ.

‘ಸರ್ವರ್ ಇಲ್ಲ’ ಎಂಬ ಮಾತನ್ನು ರೇಷನ್ ಅಂಗಡಿಯ ಮುಂದೆ ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ಆ ಸರ್ವರ್ ಎಂಬುದು ಬೇರೆಯವರ ಫೋನು, ಕಂಪ್ಯೂಟರುಗಳು ಕೇಳಿದ್ದಕ್ಕೆ ಉತ್ತರ ಕೊಡಲು ಹಗಲಿರುಳು ಕಾದಿರುವ ಯಂತ್ರ. ನಾವು ಹೋಬಳಿ, ತಾರೀಖು ಆರಿಸಿ ಗುಂಡಿ ಒತ್ತಿದರೆ ನಮ್ಮ ಫೋನು ಆ ಯಂತ್ರಕ್ಕೆ ಒಂದು ವಿಳಾಸ ಕಳಿಸುತ್ತದೆ. ಅದರ ಬಾಲದಲ್ಲಿ ಹೋಬಳಿ ಹಂಸಭಾವಿ, ಜೂನ್ 1ರಿಂದ ಜೂನ್ 20ರವರೆಗೆ ಎಂಬ ವಿವರ ಅಂಟಿಕೊಂಡಿರುತ್ತದೆ. ಸರ್ವರಿನ ಒಳಗಿನ ಪ್ರೋಗ್ರಾಮ್ ಅದನ್ನು ಬಿಡಿಸಿ ಓದಿ, ದತ್ತಾಂಶದ ಉಗ್ರಾಣಕ್ಕೆ ಹೋಗಿ ಇಪ್ಪತ್ತು ಅಂಕಿಗಳನ್ನು ತರುತ್ತದೆ. ಅಲ್ಲಿಂದ ಚಿತ್ರಕಾರನ ಕೆಲಸ.

ಪ್ರೋಗ್ರಾಮ್ ತನ್ನ ನೆನಪಿನಲ್ಲಿ ಒಂದು ಬಿಳಿ ಹಾಳೆ ಹಾಸಿಕೊಳ್ಳುತ್ತದೆ. ಹಾಳೆಯೆಂದರೆ ರಂಗೋಲಿಯ ಚುಕ್ಕಿಗಳ ಹಾಗೆ ಸಾಲು ಸಾಲು ಚುಕ್ಕಿ. ಅಗಲಕ್ಕೆ 600, ಎತ್ತರಕ್ಕೆ 400 ಎಂದರೆ 2,40,000 ಚುಕ್ಕಿಗಳು. ಮೇಲೆ ಕೆಳಗೆ ನಲವತ್ತು ನಲವತ್ತು ಸಾಲು ಅಂಚಿಗೆ ಬಿಟ್ಟರೆ ಕಂಬಗಳಿಗೆ 320 ಸಾಲು ಉಳಿಯುತ್ತವೆ. ಬಂದ ಅಂಕಿಗಳಲ್ಲಿ ಅತಿ ದೊಡ್ಡದು 64 ಮಿಲಿಮೀಟರ್ ಎನ್ನಿ. ಅಳತೆಗೋಲು 64ಕ್ಕೇ ನಿಂತರೆ ಓದಲು ಚೆನ್ನಲ್ಲ. ಪ್ರೋಗ್ರಾಮ್ ಇಪ್ಪತ್ತರ ಲೆಕ್ಕದಲ್ಲಿ ಮೇಲೇರಿ 80ಕ್ಕೆ ನಿಲ್ಲುತ್ತದೆ. 320 ಸಾಲಿಗೆ 80 ಮಿಲಿಮೀಟರ್, ಅಂದರೆ ಒಂದು ಮಿಲಿಮೀಟರಿಗೆ ನಾಲ್ಕು ಸಾಲು. 12 ಮಿಲಿಮೀಟರ್ ಬಿದ್ದ ದಿನಕ್ಕೆ 48 ಸಾಲಿನ ಕಂಬ. ಕಂಪ್ಯೂಟರು ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಎಣಿಸುತ್ತದೆ. ನೆಲದ ಗೆರೆ 360ನೇ ಸಾಲಿನಲ್ಲಿದ್ದರೆ ಆ ಕಂಬದ ತಲೆ 312ರಲ್ಲಿ, 64 ಮಿಲಿಮೀಟರಿನ ಕಂಬದ ತಲೆ 104ರಲ್ಲಿ. ನೆಲದ ಗೆರೆಗೂ ತಲೆಗೂ ನಡುವಿನ ಚುಕ್ಕಿಗಳಿಗೆ ನೀಲಿ ತುಂಬಿದರೆ ಕಂಬ ಸಿದ್ಧ. ಏಳನೇ ತರಗತಿಯ ಗ್ರಾಫ್ ಹಾಳೆಯ ಕೆಲಸವೇ. ಯಂತ್ರ ಅದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತದೆ ಎಂಬುದಷ್ಟೇ ವ್ಯತ್ಯಾಸ.

ಒಂದೊಂದು ಚುಕ್ಕಿಯ ಬಣ್ಣಕ್ಕೆ ಮೂರು ಬೈಟ್ ಬೇಕು. 2,40,000 ಚುಕ್ಕಿಗೆ 7,20,000 ಬೈಟ್. ನಮ್ಮೂರಿನ ಸಿಗ್ನಲ್ಲಿಗೆ ಅದು ಭಾರ. ಆದರೆ ಚಾರ್ಟಿನ ಹಾಳೆಯ ಬಹುಪಾಲು ಬರೀ ಬಿಳಿ. ‘ಬಿಳಿ, ಬಿಳಿ, ಬಿಳಿ’ ಎಂದು ಐನೂರು ಸಲ ಹೇಳುವ ಬದಲು ‘ಬಿಳಿ, ಐನೂರು ಸಲ’ ಎಂದು ಒಮ್ಮೆ ಹೇಳಿದರೆ ಸಾಕಲ್ಲವೇ? ಪಿಎನ್‌ಜಿ ಎಂಬ ಚಿತ್ರದ ಮಾದರಿ ಇಂಥದೇ ಉಪಾಯದಿಂದ ಹಾಳೆಯನ್ನು ಮಡಚುತ್ತದೆ. ಒಂದು ಚುಕ್ಕಿಯೂ ಕೆಡದೆ ಚಿತ್ರ ಕೆಲವೇ ಸಾವಿರ ಬೈಟಿಗೆ ಇಳಿಯುತ್ತದೆ. ಮದುವೆಯ ಫೋಟೋಗೆ ಹೊಂದುವ ಜೆಪಿಜಿ ಇಲ್ಲಿ ಹೊಂದುವುದಿಲ್ಲ. ಅದು ಅಕ್ಷರ, ಗೆರೆಗಳ ಸುತ್ತ ಮಸಿ ಒರೆಸಿದಂಥ ಕಲೆ ಬಿಡುತ್ತದೆ.

ಕಳಿಸುವ ಮುನ್ನ ಸರ್ವರ್ ಒಂದು ಚೀಟಿ ಅಂಟಿಸಬೇಕು: ಒಳಗಿರುವುದು ಬರಹವಲ್ಲ, ಚಿತ್ರ ಎಂದು. ಚೀಟಿಯ ನಂತರ ಚಿತ್ರದ ಬೈಟ್‌ಗಳನ್ನು ಬಿಟ್ಟು ಮತ್ತೇನೂ ಬರಕೂಡದು. ಪ್ರೋಗ್ರಾಮ್ ಎಲ್ಲೋ ಎಡವಿ ಒಂದು ಎಚ್ಚರಿಕೆಯ ಸಾಲನ್ನೋ ಖಾಲಿ ಜಾಗವನ್ನೋ ಚಿತ್ರದ ಮುಂದೆ ಉಗುಳಿದರೆ ಫೋನು ತಲೆಬುಡ ತಿಳಿಯದೆ ಮುರಿದ ಚೌಕವೊಂದನ್ನು ತೋರಿಸಿ ಸುಮ್ಮನಾಗುತ್ತದೆ. ಸರಕಾರಿ ಜಾಲತಾಣಗಳಲ್ಲಿ ಅಂಥ ಚೌಕ ಕಂಡರೆ ಮಳೆಯ ಲೆಕ್ಕವೇ ಕಳೆದುಹೋಯಿತೆಂದು ಗಾಬರಿಯಾಗಬೇಕಿಲ್ಲ. ಎಷ್ಟೋ ಸಲ ಅಂಕಿಗಳು ಉಗ್ರಾಣದಲ್ಲಿ ಕ್ಷೇಮವಾಗಿಯೇ ಇರುತ್ತವೆ, ಚಿತ್ರಕಾರ ಮಾತ್ರ ಎಡವಿರುತ್ತಾನೆ.

ಕೇಳಿದಾಗ ಸರ್ವರ್ ಚಿತ್ರ ಬರೆಯುವ ಈ ಕಲೆಗೆ ಮೂವತ್ತು ವರ್ಷದ ಮೇಲಿನ ವಯಸ್ಸು. ಅಂಕಿಯನ್ನು ಕಂಬವಾಗಿ, ಗೆರೆಯಾಗಿ ಬರೆಯುವ ಪದ್ಧತಿಯನ್ನು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲೇ ಪುಸ್ತಕದಲ್ಲಿ ಅಚ್ಚು ಮಾಡಿಸಿದ್ದ. ಕೇಳಿದ ಕೂಡಲೇ ಸರ್ವರ್ ಒಂದು ಪ್ರೋಗ್ರಾಮನ್ನು ಓಡಿಸಿ ಉತ್ತರ ಕೊಡುವ ಏರ್ಪಾಡು ಬಂದದ್ದು 1993ರಲ್ಲಿ. ಅದರ ಬೆನ್ನಿಗೇ ಥಾಮಸ್ ಬೌಟೆಲ್ ಎಂಬಾತ ಚಿತ್ರ ಬರೆಯುವ ಜಿಡಿ ಎಂಬ ಸಲಕರಣೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟ. ಆಗ ಚಾಲ್ತಿಯಲ್ಲಿದ್ದ ಜಿಐಎಫ್ ಚಿತ್ರಗಳ ಮಡಚುವ ಉಪಾಯಕ್ಕೆ ಪೇಟೆಂಟ್ ಇದೆ, ಶುಲ್ಕ ಕೊಡಿ ಎಂಬ ತಗಾದೆ 1994ರ ಕೊನೆಯಲ್ಲಿ ಎದ್ದಿತು. ಆ ಸಿಟ್ಟಿನಲ್ಲೇ ಯಾರ ಹಂಗೂ ಇಲ್ಲದ ಪಿಎನ್‌ಜಿ ಹುಟ್ಟಿ 1996ರಲ್ಲಿ ಜಗತ್ತಿನ ಮನ್ನಣೆ ಪಡೆಯಿತು. ಅದರ ಕರಡು ಬರೆದವರಲ್ಲಿ ಬೌಟೆಲ್ ಕೂಡ ಒಬ್ಬ.

ಇನ್ನೊಂದು ಘಟನೆ ನಮ್ಮ ಕಚೇರಿಗಳವರು ನೆನಪಿಡಬೇಕಾದದ್ದು. 2007ರ ಡಿಸೆಂಬರಿನಲ್ಲಿ ಗೂಗಲ್ ಕಂಪನಿ ಒಂದು ಸೌಲಭ್ಯ ಕೊಟ್ಟಿತು. ವಿಳಾಸದ ಬಾಲಕ್ಕೆ ಅಂಕಿಗಳನ್ನು ಸೇರಿಸಿ ಕಳಿಸಿದರೆ ಅದರ ಸರ್ವರೇ ಚಾರ್ಟ್ ಬರೆದು ಕೊಡುತ್ತಿತ್ತು. ದುಡ್ಡಿಲ್ಲ, ಶ್ರಮವಿಲ್ಲ. ಲೋಕದ ತುಂಬ ಜಾಲತಾಣಗಳು ಅದಕ್ಕೆ ಜೋತುಬಿದ್ದವು. 2012ರಲ್ಲಿ ಕಂಪನಿ ಇದನ್ನು ಕೈಬಿಡುತ್ತೇವೆಂದು ಸಾರಿತು, 2019ರಲ್ಲಿ ನಿಲ್ಲಿಸಿಯೇಬಿಟ್ಟಿತು. ನಂಬಿ ಕೂತ ಪುಟಗಳಲ್ಲೆಲ್ಲ ಚಾರ್ಟಿನ ಜಾಗ ಖಾಲಿ. ಬರದ ಲೆಕ್ಕ, ನೆರೆಯ ಲೆಕ್ಕ ತೋರಿಸುವ ಸಾರ್ವಜನಿಕ ಸಂಸ್ಥೆ ತನ್ನ ಚಿತ್ರವನ್ನು ತಾನೇ ಬರೆದುಕೊಳ್ಳಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಮುಕ್ತವಾಗಿ ಸಿಗುವ ಸಲಕರಣೆಗಳು ಬೇಕಾದಷ್ಟಿವೆ.

ಈಗ ಅನೇಕ ಕಡೆ ಸರ್ವರ್ ಅಂಕಿಗಳನ್ನಷ್ಟೇ ಕಳಿಸಿ, ಚಿತ್ರ ಬರೆಯುವ ಕೆಲಸವನ್ನು ಫೋನಿಗೇ ಬಿಡುತ್ತದೆ. ಬೆರಳಿಟ್ಟರೆ ಅಂಕಿ ಮೂಡುತ್ತದೆ, ಹಿಗ್ಗಿಸಬಹುದು, ಕುಗ್ಗಿಸಬಹುದು. ಚೆನ್ನಾಗಿಯೇ ಇದೆ. ಆದರೂ ಹಂಸಭಾವಿಯ ಚಹಾದಂಗಡಿಯಲ್ಲಿ ಕೂತು ನೋಡಿದಾಗ ಹಳೆಯ ದಾರಿಗೇ ನನ್ನ ಓಟು. ಬರೆದು ಮುಗಿದ ಚಿತ್ರ ಹಳೆಯ ಫೋನಿನಲ್ಲೂ ತೆರೆಯುತ್ತದೆ. ವಾಟ್ಸ್ಯಾಪಿನಲ್ಲಿ ಹೊಲದಿಂದ ಹೊಲಕ್ಕೆ ಹೋಗುತ್ತದೆ. ಅದನ್ನು ಅಚ್ಚು ಹಾಕಿ ಪಂಚಾಯಿತಿಯ ಗೋಡೆಗೆ ಅಂಟಿಸಬಹುದು. ಫೋನಿನಲ್ಲಿ ಕನ್ನಡ ಅಕ್ಷರವೇ ಇಲ್ಲದಿದ್ದರೂ ಚಿತ್ರದೊಳಗಿನ ಕನ್ನಡ ಕೆಡುವುದಿಲ್ಲ, ಏಕೆಂದರೆ ಅದು ಆಗಲೇ ಚುಕ್ಕಿಗಳಾಗಿದೆ.

ಆದರೆ ಆ ಕನ್ನಡವನ್ನು ಚುಕ್ಕಿಗಳಾಗಿಸುವುದೇ ಸರ್ವರಿಗೆ ಕಷ್ಟದ ಕೆಲಸ. ಇಂಗ್ಲಿಷಿನ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಪದವಾಗುತ್ತದೆ. ನಮ್ಮದು ಹಾಗಲ್ಲ. ‘ಶಿಗ್ಗಾಂವಿ’ ಎಂಬ ಪದ ಕಂಪ್ಯೂಟರಿನೊಳಗೆ ಒಂಬತ್ತು ಸಂಕೇತಗಳ ಸರಮಾಲೆ: ಶ, ಇಕಾರದ ಗುಡಿಸು, ಗ, ಅರ್ಧಾಕ್ಷರದ ಗುರುತು, ಮತ್ತೊಂದು ಗ, ಆಕಾರದ ಇಳಿ, ಸೊನ್ನೆ, ವ, ಮತ್ತೆ ಗುಡಿಸು. ಓದುವ ಕಣ್ಣಿಗೆ ಕಾಣಬೇಕಾದದ್ದು ಮೂರೇ ಅಕ್ಷರ. ಗುಡಿಸು ಶಕಾರದ ತಲೆಯಲ್ಲಿ ಬೆರೆಯಬೇಕು, ಎರಡನೆಯ ಗ ಒತ್ತಾಗಿ ಕೆಳಗಿಳಿಯಬೇಕು, ಆಕಾರ ಮಾತ್ರ ಮೇಲಿನ ಗಕಾರಕ್ಕೆ ಅಂಟಬೇಕು. ಈ ಜೋಡಣೆ ತಿಳಿಯದ ಚಿತ್ರದ ಸಲಕರಣೆ ಒಂಬತ್ತನ್ನೂ ಸಾಲಾಗಿ ಒಗೆಯುತ್ತದೆ. ‘ಹತ್ತಿ’ ಒಡೆದು ಹ, ತ್, ತಿ ಆಗುತ್ತದೆ, ‘ಹಾನಗಲ್ಲ’ ಐದು ಚೂರಾಗುತ್ತದೆ. ಪರದೆಯ ಮೇಲೆ ಕನ್ನಡ ಚೆನ್ನಾಗಿ ಕಂಡು, ಅದೇ ಪುಟದ ಚಾರ್ಟಿನೊಳಗೆ ಮಾತ್ರ ಮುರಿದಿರುವುದನ್ನು ನೀವು ನೋಡಿರಬಹುದು. ಕಾರಣ ಇಷ್ಟೇ: ಪುಟದ ಅಕ್ಷರ ಜೋಡಿಸಿದ್ದು ನಿಮ್ಮ ಫೋನು, ಚಾರ್ಟಿನ ಅಕ್ಷರ ಜೋಡಿಸಿದ್ದು ಸರ್ವರ್.

ಹೀಗಾದಾಗ ಎಷ್ಟೋ ತಂತ್ರಜ್ಞರು ಸುಲಭದ ದಾರಿ ಹಿಡಿದು ಚಾರ್ಟನ್ನು ಇಂಗ್ಲಿಷಿಗೆ ತಿರುಗಿಸಿಬಿಡುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಹಾರ್ಫ್‌ಬಜ್ ಎಂಬ ಮುಕ್ತ ಸಲಕರಣೆ ಒತ್ತು, ಗುಣಿತಗಳನ್ನೆಲ್ಲ ಅಚ್ಚುಕಟ್ಟಾಗಿ ಜೋಡಿಸಿಕೊಡುತ್ತದೆ. ಪ್ಯಾಂಗೊ, ಕೈರೊ ಎಂಬ ಜೋಡಿಯನ್ನು ಬಳಸಿದರೆ ಆ ಜೋಡಣೆ ಚಿತ್ರದೊಳಗೂ ಬರುತ್ತದೆ. ಅಕ್ಷರರೂಪಗಳ ಕೊರತೆಯೂ ಇಲ್ಲ. ಲೋಹಿತ್ ಕನ್ನಡ, ನೋಟೊ ಸಾನ್ಸ್ ಕನ್ನಡ, ಗುಬ್ಬಿ, ನವಿಲು ಎಲ್ಲ ಮುಕ್ತವಾಗಿ ಸಿಗುತ್ತವೆ. ಮಾಡಲಾಗದ ಕೆಲಸ ಇದಲ್ಲ. ಹಿರೇಕೆರೂರಿನ ರೈತನಿಗಾಗಿ ಬರೆದ ಚಾರ್ಟಿನಲ್ಲಿ ಹಿರೇಕೆರೂರು ಎಂದು ಸರಿಯಾಗಿ ಬರೆದಿರಬೇಕು ಎಂಬುದು ದೊಡ್ಡ ಬೇಡಿಕೆಯೂ ಅಲ್ಲ.

ಇನ್ನು ಕಂಬಗಳ ಸತ್ಯಾಸತ್ಯದ ವಿಚಾರ. ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಸೊನ್ನೆಯ ಪ್ರಶ್ನೆ. ಮಳೆಮಾಪಕದ ಆಲಿಕೆಗೆ ಎಲೆ ಬಿದ್ದು ಕಟ್ಟಿಕೊಂಡಿತು, ಬಟ್ಟಲಿಗೆ ಜೇಡ ಬಲೆ ನೇಯ್ದಿತು, ಬ್ಯಾಟರಿ ಸತ್ತಿತು, ಸಿಗ್ನಲ್ ಹೋಯಿತು. ಆ ದಿನದ ಅಂಕಿ ಬರಲಿಲ್ಲ. ಮಳೆಯೇ ಬೀಳದ ದಿನದ ಅಂಕಿ ಸೊನ್ನೆ. ಇವೆರಡೂ ಬೇರೆ ಬೇರೆ. ಆದರೆ ಅಜಾಗರೂಕ ಪ್ರೋಗ್ರಾಮ್ ಬಾರದ ಅಂಕಿಯನ್ನೂ ಸೊನ್ನೆ ಎಂದೇ ಎಣಿಸಿ ಕಂಬವಿಲ್ಲದ ಜಾಗ ಬಿಟ್ಟುಬಿಡುತ್ತದೆ. ನೋಡುವವರಿಗೆ ಎರಡೂ ಒಂದೇ. ಒಂದು ಸಲ ನಾನು ನೋಡಿದ ಚಾರ್ಟಿನಲ್ಲಿ ನಾಲ್ಕು ದಿನ ಖಾಲಿ ಇತ್ತು. ಅದರಲ್ಲಿ ಒಂದು ರಾತ್ರಿ ನಮ್ಮ ಮನೆಯ ಹಿತ್ತಲಿನ ಗೋಡೆ ನೆನೆದು ಕುಸಿದಿತ್ತು. ತೋಟದ ಬೆಳೆಗಳಿಗೆ ಹವಾಮಾನ ಆಧಾರಿತ ವಿಮೆ ಮಾಡಿಸಿದ ರೈತರಿಗೆ ಪರಿಹಾರ ಬರುವುದು ಬಾರದಿರುವುದು ಪಂಚಾಯಿತಿಯ ಮಾಪಕದ ಅಂಕಿಗಳ ಮೇಲೇ ನಿಂತಿದೆ. ಅಲ್ಲಿ ಸೊನ್ನೆಗೂ ‘ಗೊತ್ತಿಲ್ಲ’ಕ್ಕೂ ಇರುವ ಅಂತರ ದುಡ್ಡಿನದು, ಅನ್ನದ್ದು. ಅಂಕಿ ಬಾರದ ದಿನಕ್ಕೆ ಬೂದು ಬಣ್ಣದ ಅಡ್ಡಗೆರೆ ಎಳೆದು ‘ಮಾಹಿತಿ ಇಲ್ಲ’ ಎಂದು ಬರೆಯಲು ಪ್ರೋಗ್ರಾಮಿಗೆ ಎರಡು ಸಾಲು ಸಾಕು. ಪ್ರತಿ ಮಳೆಯ ಚಾರ್ಟಿನಲ್ಲೂ ಅದು ಕಡ್ಡಾಯವಾಗಬೇಕು.

ದಿನ ಎಂದರೆ ಯಾವುದು ಎಂಬುದೂ ಸಣ್ಣ ಪ್ರಶ್ನೆಯಲ್ಲ. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಳೆಯ ದಿನ ಬೆಳಗ್ಗೆ 8.30ರಿಂದ ಮರುದಿನ ಬೆಳಗ್ಗೆ 8.30ರವರೆಗೆ. ಸರ್ವರಿನ ಪ್ರೋಗ್ರಾಮ್ ನಡುರಾತ್ರಿ ಹನ್ನೆರಡಕ್ಕೆ ದಿನ ಕತ್ತರಿಸಿತು ಎನ್ನಿ. ರಾತ್ರಿ ಹತ್ತರಿಂದ ಎರಡರವರೆಗೆ ಸುರಿದ 70 ಮಿಲಿಮೀಟರ್ ಮಳೆ 35, 35 ಎಂದು ಎರಡು ಕಂಬಗಳಾಗಿ ಒಡೆಯುತ್ತದೆ. ಇಲಾಖೆಯ ಲೆಕ್ಕದಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ. ಆ ರಾತ್ರಿ ಬಿದ್ದದ್ದು ಭಾರಿ ಮಳೆಯೇ. ಚಾರ್ಟ್ ಮಾತ್ರ ಎರಡು ದಿನ ಸಾಧಾರಣ ಮಳೆ ಎನ್ನುತ್ತದೆ. ಅಂಕಿ ಸುಳ್ಳಾಗಲಿಲ್ಲ, ಕತ್ತರಿ ತಪ್ಪಾಯಿತು.

ಕತ್ತರಿ ಇನ್ನೂ ದೊಡ್ಡದಾದಷ್ಟೂ ಹೀಗೆ ಮರೆಯಾಗುವುದು ಹೆಚ್ಚು. ತಿಂಗಳಿಗೊಂದು ಕಂಬ ಬರೆದರೆ ಮೂರೇ ದಿನದಲ್ಲಿ ಹುಯ್ದು ಇಪ್ಪತ್ತೇಳು ದಿನ ಕೈಕೊಟ್ಟ ಮಳೆಯೂ, ವಾರವಾರ ಹದವಾಗಿ ಬಂದ ಮಳೆಯೂ ಒಂದೇ ಎತ್ತರದಲ್ಲಿ ನಿಲ್ಲುತ್ತವೆ. 2023ನ್ನು ನೆನೆಯಿರಿ. ಆ ವರ್ಷದ ಆಗಸ್ಟ್ ತಿಂಗಳು ದೇಶದಲ್ಲಿ 1901ರಿಂದೀಚೆಗೆ ಅತಿ ಒಣ ಆಗಸ್ಟ್ ಆಗಿತ್ತು, ಕೊರತೆ ಶೇಕಡ 36. ರಾಜ್ಯ ಸರಕಾರ ಕೊನೆಗೆ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಿತು. ಆಗ ಗೋವಿನಜೋಳ ಒಣಗಿದ್ದು ತಿಂಗಳ ಸರಾಸರಿಯ ಲೆಕ್ಕ ನೋಡಿ ಅಲ್ಲ, ದಿನದಿನದ ಹಸಿ ಆರಿದ್ದರಿಂದ. ಜೋಳಕ್ಕೆ ಸೂಲಂಗಿ ಒಡೆಯುವ ಹೊತ್ತಿನಲ್ಲಿ ಹದಿನೈದು ದಿನ ಮಳೆ ತಪ್ಪಿದರೆ ಸೆಪ್ಟೆಂಬರಿನಲ್ಲಿ ಎಷ್ಟು ಸುರಿದರೂ ತೆನೆ ತುಂಬುವುದಿಲ್ಲ.

‘ವಾಡಿಕೆ ಮಳೆ’ ಎಂಬ ಗೆರೆಯ ಬಗ್ಗೆಯೂ ಒಂದು ಮಾತು. ಚಾರ್ಟುಗಳಲ್ಲಿ ಅದನ್ನು ಕೆಂಪು ಚುಕ್ಕೆಗೆರೆಯಾಗಿ ಎಳೆದಿರುತ್ತಾರೆ. ಅದು ಕಲ್ಲಿನಲ್ಲಿ ಕೊರೆದದ್ದಲ್ಲ, ಯಾವುದೋ ಐವತ್ತು ವರ್ಷಗಳ ಸರಾಸರಿ. ದೇಶದ ಮುಂಗಾರಿನ ವಾಡಿಕೆಯನ್ನು ಹವಾಮಾನ ಇಲಾಖೆ 1961ರಿಂದ 2010ರ ಲೆಕ್ಕದಲ್ಲಿ 880.6 ಮಿಲಿಮೀಟರ್ ಎಂದಿತ್ತು. 2022ರಲ್ಲಿ ಅದನ್ನು 1971ರಿಂದ 2020ರ ಲೆಕ್ಕಕ್ಕೆ ಬದಲಿಸಿ 868.6 ಎಂದಿತು. ಮಳೆ ಅಷ್ಟೇ ಬಿದ್ದರೂ ಕೊರತೆ ತುಸು ಕಡಿಮೆ ಕಾಣುತ್ತದೆ. ಇದರಲ್ಲಿ ಮೋಸವೇನಿಲ್ಲ. ಆದರೆ ಯಾವ ವರ್ಷಗಳ ವಾಡಿಕೆ ಎಂದು ಗೆರೆಯ ಪಕ್ಕದಲ್ಲಿ ಬರೆಯುವುದು ನೋಡುವವರಿಗೆ ತೋರಿಸುವ ಮರ್ಯಾದೆ.

ಕೇಳಿದಾಗಲೆಲ್ಲ ಹೊಸದಾಗಿ ಬರೆದರೆ ಸರ್ವರ್ ಬಳಲುವುದಿಲ್ಲವೇ ಎಂದು ಕೇಳಬಹುದು. ಬಳಲುತ್ತದೆ, ಅದರಲ್ಲೂ ಜೋರು ಮಳೆಯ ಮರುದಿನ ಬೆಳಗ್ಗೆ, ಎಲ್ಲರೂ ಒಟ್ಟಿಗೆ ನೋಡಲು ಕೂತಾಗ. ಅದಕ್ಕೂ ಉಪಾಯವಿದೆ. ಮಾಪಕದ ಅಂಕಿ ಬರುವುದೇ ಹದಿನೈದು ನಿಮಿಷಕ್ಕೊಮ್ಮೆ. ಹಂಸಭಾವಿಯ ಚಿತ್ರವನ್ನು 8.45ಕ್ಕೆ ಒಬ್ಬರು ಕೇಳಿದರೆ ಬರೆದು ಕೊಟ್ಟು ಒಂದು ಪ್ರತಿ ಇಟ್ಟುಕೊಳ್ಳುವುದು, ಒಂಬತ್ತರೊಳಗೆ ಇನ್ನು ಸಾವಿರ ಜನ ಕೇಳಿದರೂ ಅದನ್ನೇ ಕೊಡುವುದು. ಹೊಸ ಅಂಕಿ ಬಂದ ಮೇಲೆ ಹಳೆಯದನ್ನು ಬಿಸಾಡುವುದು. ಬಿಸಾಡಲು ಮರೆತರೆ ನಿನ್ನೆಯ ಚಿತ್ರವೇ ಇಂದೂ ಬರುತ್ತದೆ. ಆದ್ದರಿಂದಲೇ ಚಿತ್ರದ ಒಳಗೇ, ಮೂಲೆಯಲ್ಲಿ, ಬರೆದ ತಾರೀಖು ವೇಳೆ ಮೂಡಿರಬೇಕು. ವಾಟ್ಸ್ಯಾಪಿನಲ್ಲಿ ಹೋದ ವರ್ಷದ ನೆರೆಯ ಚಾರ್ಟ್ ಈ ವರ್ಷ ಊರೂರು ತಿರುಗುವುದನ್ನು ತಡೆಯಲು ಬೇರೆ ದಾರಿ ನನಗೆ ಕಾಣದು. ಜೊತೆಗೆ, ಕಣ್ಣು ಕಾಣದವರ ಫೋನು ಗಟ್ಟಿಯಾಗಿ ಓದಲು ಚಿತ್ರದ ಬೆನ್ನಿಗೆ ಒಂದು ಸಾಲು ಬರಹ ಇರಬೇಕು: ಈ ಅವಧಿಯಲ್ಲಿ ಒಟ್ಟು ಇಷ್ಟು ಬಿದ್ದಿದೆ, ಹೆಚ್ಚಿನದು ಇಂಥ ದಿನ ಎಂದು. ಕಂಬಗಳನ್ನು ಬರೆದ ಪ್ರೋಗ್ರಾಮಿಗೆ ಆ ಅಂಕಿಗಳು ಹೇಗೂ ಗೊತ್ತು.

ಆ ಬೆಳಗಿನ ಚಹಾದಂಗಡಿಗೆ ಮತ್ತೆ ಬರುತ್ತೇನೆ. ಕೇಳಿದಾಗ ಬರೆಯುವ ಯಂತ್ರ, ಏನು ಹೇಳಿದರೆ ಅದನ್ನು ಬರೆಯುತ್ತದೆ ಎಂದು ವಿವರಿಸಿದ ಮೇಲೆ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: ‘ಹಂಗಾರ ಮಿರಗಕ್ಕ ಎಷ್ಟ ಬಿತ್ತು ಅಂತ ತಗೀ ಅನ್ನು.’

ನಾನು ತಡವರಿಸಿದೆ. ಆರಿಸಲು ಜಿಲ್ಲೆ ಇತ್ತು, ತಾಲೂಕು ಇತ್ತು, ಹೋಬಳಿ ಇತ್ತು, ತಿಂಗಳು ಇತ್ತು. ಮಿರಗ ಇರಲಿಲ್ಲ. ನಮ್ಮ ಕಡೆಯ ಒಕ್ಕಲುತನದ ಗಡಿಯಾರ ಜೂನ್, ಜುಲೈ ಅಲ್ಲ, ಮಳೆ ನಕ್ಷತ್ರಗಳು. ಮೇ 25ರ ಸುಮಾರಿಗೆ ರೋಹಿಣಿ ಕೂಡುತ್ತದೆ, ಜೂನ್ 8ರ ಹೊತ್ತಿಗೆ ಮಿರಗ, 22ರ ಸುಮಾರಿಗೆ ಆರಿದ್ರಾ, ಹದಿಮೂರು ಹದಿನಾಲ್ಕು ದಿನಕ್ಕೊಂದರಂತೆ ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ ದಾಟಿ ಅಕ್ಟೋಬರ್ ಕೊನೆಯ ಸ್ವಾತಿಯವರೆಗೆ. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ ಎಂಬ ಗಾದೆ ಕೇಳಿ ಬೆಳೆದವರಿಗೆ ಜೂನ್ ತಿಂಗಳ ಕಂಬ ಏನನ್ನೂ ಹೇಳುವುದಿಲ್ಲ. ಅದರಲ್ಲಿ ರೋಹಿಣಿಯ ಬಾಲ, ಇಡೀ ಮಿರಗ, ಆರಿದ್ರಾದ ತಲೆ ಮೂರೂ ಕಲೆತು ಹೋಗಿವೆ. ಮಳೆ ನಕ್ಷತ್ರಗಳಲ್ಲಿ ನಂಬಿಕೆ ಇದೆಯೋ ಇಲ್ಲವೋ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಬಿತ್ತನೆಗೆ, ಎಡೆ ಹೊಡೆಯಲು, ಗೊಬ್ಬರ ಕೊಡಲು ರೈತರು ಲೆಕ್ಕ ಹಾಕುವುದು ಆ ಹದಿನಾಲ್ಕು ದಿನಗಳ ಮಾನದಲ್ಲಿ. ಅದು ತಿಂಗಳಿಗಿಂತ ಸಣ್ಣ ಕತ್ತರಿ, ಬೆಳೆಯ ಬಾಳಿಗೆ ಹತ್ತಿರದ ಕತ್ತರಿ. ಸೂರ್ಯ ಯಾವ ದಿನ ಯಾವ ನಕ್ಷತ್ರಕ್ಕೆ ಬರುತ್ತಾನೆ ಎಂಬುದನ್ನು ಪಂಚಾಂಗ ನೋಡಿ ವರ್ಷಕ್ಕೊಮ್ಮೆ ಒಂದು ಪಟ್ಟಿಯಲ್ಲಿ ತುಂಬಿಟ್ಟರೆ ಸರ್ವರ್ ತಿಂಗಳ ಬದಲು ಮಳೆಯ ಹೆಸರಿನಲ್ಲೇ ಕಂಬ ಬರೆಯುತ್ತದೆ. ಯಂತ್ರಕ್ಕೆ ಎರಡೂ ಒಂದೇ ಶ್ರಮ. ಇದನ್ನು ಯಾರೂ ಅದಕ್ಕೆ ಹೇಳಿಕೊಟ್ಟಿಲ್ಲ, ಅಷ್ಟೇ.

ಹೇಳಿಕೊಡುವವರೆಗೆ ಕೈ ಇದೆಯಲ್ಲ. ಅಂಗಡಿಯ ಗೋಡೆಯ ಮೇಲಿದ್ದ ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ಕೇಳಿ ಪಡೆದು, ಬೆನ್ನಿನ ಮೇಲೆ ನೆಲದ ಗೆರೆ ಎಳೆದೆ. ಫೋನಿನಿಂದ ದಿನದಿನದ ಅಂಕಿ ಓದಿ ಕೂಡಿಸಿದೆವು. ರೋಹಿಣಿಗೆ ಒಂದು ಕಂಬ ಬಂತು. ಮಿರಗದ್ದು ಅದರ ಅರ್ಧಕ್ಕೂ ಮುಟ್ಟಲಿಲ್ಲ. ಅದರಲ್ಲಿ ಅಂಕಿ ಬಾರದ ಒಂದು ದಿನವಿತ್ತು. ಅಲ್ಲಿ ನಾನು ಅಡ್ಡಗೆರೆ ಹಾಕಿದೆ. ‘ಆವತ್ತ ನಮ್ಮ ಹೊಲದಾಗ ಹನಿ ಬಿದ್ದಿಲ್ಲ, ಬರಕೋ’ ಎಂದರು. ಬರೆದುಕೊಂಡೆ. ಆಮೇಲೆ ಮಿರಗದ ಪಕ್ಕದ ಖಾಲಿ ಜಾಗದ ಮೇಲೆ ಬೆರಳಿಟ್ಟು, ‘ಇಲ್ಲಿ ಆರಿದ್ರಾ ಅಂತ ಹೆಸರು ಈಗ ಬರದಿಡು’ ಎಂದರು. ಹೆಸರು ಬರೆದು, ಮೇಲೆ ಜಾಗ ಬಿಟ್ಟು, ಹಾಳೆಯನ್ನು ಮಡಚಿ ಅವರ ಕಿಸೆಗೆ ಕೊಟ್ಟೆ.